ಶಿಂಷಾಪುರದ ಇಳಿಜಾರಿಗೆ ಕಟ್ಟಿದ ಬ್ರೇಕು

ಮಳವಳ್ಳಿಯ ದನದ ಡಾಕ್ಟರು ತಮ್ಮ ಮೋಟಾರ್ ಸೈಕಲ್ಲನ್ನು ಮಂಡ್ಯದ ನನ್ನ ಶೆಡ್ಡಿಗೆ ತಂದದ್ದು ಸಂಕ್ರಾಂತಿ ಕಳೆದ ವಾರ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಆಗ ನಮ್ಮ ಕಡೆಯ ರಸ್ತೆಗಳಲ್ಲಿ ಓಡಾಡುತ್ತಿದ್ದದ್ದು ಮೂರೋ ನಾಲ್ಕೋ ಬಗೆಯ ಗಾಡಿಗಳು. ಬೆನ್ನು ತಿರುಗಿಸಿ ಕೂತಿದ್ದರೂ ಸದ್ದಿನಲ್ಲೇ ಯಾವುದು ಬಂತೆಂದು ಹೇಳುತ್ತಿದ್ದೆ. ಈ ಸದ್ದು ಮಾತ್ರ ಗೊತ್ತಾಗಲಿಲ್ಲ. ಎದ್ದು ನೋಡಿದರೆ ಹೊರದೇಶದ ಗಾಡಿ. ಎರಡು ಸಿಲಿಂಡರ್, ತಗ್ಗಿನ ಹ್ಯಾಂಡಲ್ಲು, ಸಣಕಲು ಟ್ಯಾಂಕು. ರೇಸಿಗೆಂದೇ ಮಾಡಿದ್ದೇನೋ ಅನ್ನುವ ಹಾಗಿತ್ತು. ಯಾರೋ ವಿದೇಶಿ ಅಧಿಕಾರಿ ಊರು ಬಿಡುವಾಗ ಮಾರಿದ್ದನ್ನು ಡಾಕ್ಟರು ಬೆಂಗಳೂರಿನಲ್ಲಿ ಕೊಂಡಿದ್ದರು.

"ಓಡೋದಕ್ಕೆ ಏನೂ ಕೊರತೆಯಿಲ್ಲ ಮೇಸ್ತ್ರಿ. ನಿಲ್ಲೋದಕ್ಕೇ ತಕರಾರು," ಎಂದರು.

ಡಾಕ್ಟರಿಗೆ ನಲವತ್ತರ ಹತ್ತಿರ ವಯಸ್ಸು. ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಸಗಣಿ ಮೆತ್ತಿದ ಬೂಟು. ಸೀಟಿನ ಹಿಂದೆ ಒಂದು ದೊಡ್ಡ ಥರ್ಮಾಸ್ ಫ್ಲಾಸ್ಕನ್ನು ರಬ್ಬರ್ ಪಟ್ಟಿಯಿಂದ ಬಿಗಿದಿದ್ದರು. ಅದರೊಳಗೆ ಮಂಜುಗಡ್ಡೆ, ಮಂಜುಗಡ್ಡೆಯಲ್ಲಿ ದನಗಳ ಲಸಿಕೆ. ಮಳವಳ್ಳಿಯಿಂದ ಆಚೆ ಕಾಡಂಚಿನ ಹಳ್ಳಿಗಳಿಗೆ ದಿನಕ್ಕೊಂದೇ ಬಸ್ಸು. ಅದೂ ಬಂದರೆ ಬಂತು. ಮಂಜು ಕರಗುವುದರೊಳಗೆ ಲಸಿಕೆ ಹಳ್ಳಿ ತಲುಪಬೇಕು. ಅದಕ್ಕೇ ಇಷ್ಟು ಓಟದ ಗಾಡಿ ತೆಗೆದುಕೊಂಡೆ, ಷೋಕಿಗಲ್ಲ ಎಂದು ಅವರು ನನಗೆ ಹೇಳಿದರು. ಸ್ವಲ್ಪ ಷೋಕಿಯೂ ಇತ್ತೆಂದು ಆಮೇಲೆ ಒಪ್ಪಿಕೊಂಡರು.

ಮುಂದಿನ ಚಕ್ರ ಬಿಚ್ಚಿದೆ. ಆಗಿನ ಗಾಡಿಗಳಲ್ಲಿ ಚಕ್ರದ ನಡುವೆ ಬಾಣಲೆಯಂಥ ಒಂದು ಡ್ರಮ್ಮು. ಅದರೊಳಗೆ ಅರ್ಧಚಂದ್ರದಂಥ ಎರಡು ಅಲ್ಯುಮಿನಿಯಂ ಶೂ. ಶೂ ಮೈಮೇಲೆ ಒರಟಾದ ಪಟ್ಟಿ. ಅದನ್ನು ಲೈನರ್ ಎನ್ನುತ್ತಿದ್ದೆವು. ಲಿವರ್ ಒತ್ತಿದರೆ ಶೂಗಳ ತುದಿಯಲ್ಲಿರುವ ಕ್ಯಾಮು ಎಂಬ ಚಪ್ಪಟೆ ಕೀಲು ತಿರುಗಿ ಶೂಗಳನ್ನು ಅಗಲಿಸುತ್ತದೆ, ಲೈನರ್ ಡ್ರಮ್ಮಿಗೆ ಉಜ್ಜಿ ಚಕ್ರವನ್ನು ಹಿಡಿಯುತ್ತದೆ. ನಮ್ಮ ಗಾಡಿಗಳಲ್ಲಿ ಎರಡು ಶೂಗೂ ಸೇರಿ ಒಂದೇ ಕ್ಯಾಮು. ಇದರಲ್ಲಿ ಒಂದೊಂದಕ್ಕೂ ಒಂದೊಂದು, ಎರಡನ್ನೂ ಜೋಡಿಸಲು ಹೊರಗಡೆ ಒಂದು ಸಣ್ಣ ಕಂಬಿ. ಲೈನರ್ ಕಾಗದದಷ್ಟು ತೆಳ್ಳಗಾಗಿತ್ತು. ಹೊಸ ಶೂ ಎಲ್ಲಿಂದ ತರುವುದು? ಆ ಕಂಪನಿಯ ಒಂದು ಬೋಲ್ಟೂ ನಮ್ಮ ದೇಶದಲ್ಲಿ ಸಿಗುತ್ತಿರಲಿಲ್ಲ.

ಅದಕ್ಕೆ ದಾರಿ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಬೆಂಗಳೂರಿನ ಒಂದು ಅಂಗಡಿಯವನು ಆ ವರ್ಷ ಹೊಸ ಮಾಲು ಇಟ್ಟಿದ್ದ. ಕೆಂಪು ಬಣ್ಣ ಹೊಡೆದ ಬ್ರೇಕ್ ಶೂ, ಎಲ್ಲಿಯೋ ಸಣ್ಣ ಕಾರ್ಖಾನೆಯಲ್ಲಿ ಮಾಡಿದ್ದು. ಕಂಪನಿಯ ಶೂಗಳಲ್ಲಿ ಲೈನರನ್ನು ತಾಮ್ರದ ರಿವೆಟ್ಟಿನಿಂದ ಬಡಿದು ಕೂರಿಸುತ್ತಿದ್ದರು. ಇವರು ಅಂಟು ಹಾಕಿ, ಒತ್ತಿ, ಕಾಯಿಸಿ ಅಂಟಿಸುತ್ತಿದ್ದರು. "ರಿವೆಟ್ ಇಲ್ಲ, ಹಂಗಾಗಿ ಎಷ್ಟು ಸವೆದ್ರೂ ಡ್ರಮ್ಮಿಗೆ ಗೀರು ಬೀಳಲ್ಲ," ಎಂದಿದ್ದ ಅಂಗಡಿಯವನು. ಮಾತು ಸರಿಯಾಗಿಯೇ ಇತ್ತು. ನಾನಾಗಲೇ ಐದು ಗಾಡಿಗಳಿಗೆ ಆ ಶೂ ಹಾಕಿದ್ದೆ, ಒಬ್ಬರೂ ದೂರಿರಲಿಲ್ಲ. ಡಾಕ್ಟರ ಶೂಗಳನ್ನು, ಮುಂದಿನದೂ ಹಿಂದಿನದೂ, ಅದೇ ಕಾರ್ಖಾನೆಗೆ ಕಳಿಸಿ ಹೊಸ ಲೈನರ್ ಅಂಟಿಸಿ ತರಿಸಿದೆ. ಹೊಳೆಯುತ್ತಿದ್ದವು. ಬ್ರೇಕಿನ ಕೇಬಲ್ಲನ್ನೂ ಹೊಸದು ಮಾಡಿ, ಶೂ ಹಾಕಿ ಕೊಟ್ಟೆ.

ಮೂರನೇ ದಿನ ಡಾಕ್ಟರು ಮೊಣಕೈ ತರಚಿಕೊಂಡು ಬಂದರು. ಮದ್ದೂರಿನ ಸೇತುವೆ ದಾಟಿ ತಿರುಗುವಾಗ ಮೆಲ್ಲಗೆ ಬ್ರೇಕು ಮುಟ್ಟಿದ್ದಾರೆ, ಮುಂದಿನ ಚಕ್ರ ಕಚ್ಚಿಕೊಂಡು ನಿಂತುಬಿಟ್ಟಿದೆ. ಬಿಚ್ಚಿ ನೋಡಿದೆ. ತಪ್ಪು ನನ್ನದೇ. ಲೈನರಿನ ತುದಿಗಳು ಕತ್ತಿಯಂತೆ ಚೂಪಾಗಿದ್ದವು; ಅವನ್ನು ಅರದಿಂದ ಇಳಿಜಾರು ಮಾಡಿ ಹಾಕಬೇಕಿತ್ತು. ಹೊಸದೆಂಬ ನಂಬಿಕೆಯಲ್ಲಿ ಹಾಗೇ ಹಾಕಿದ್ದೆ. ನಾಲ್ಕೂ ಶೂಗಳ ತುದಿ ಉಜ್ಜಿ, ಎರಡು ಕ್ಯಾಮುಗಳ ನಡುವಿನ ಕಂಬಿಯನ್ನು ಮತ್ತೆ ಹದಕ್ಕೆ ತಂದು ಜೋಡಿಸಿದೆ. ಗಾಡಿ ಬೆಣ್ಣೆಯಂತೆ ನಿಂತಿತು. ಡಾಕ್ಟರು ಖುಷಿಯಾದರು. ಅವರಿಗಿಂತ ಹೆಚ್ಚು ಖುಷಿ ನನಗೆ.

ಅದಾಗಿ ಒಂದು ತಿಂಗಳಿಗೆ ಮತ್ತೆ ಬಂದರು. ಅವರು ಆಡಿದ ಮಾತು ಇವತ್ತಿಗೂ ನನಗೆ ಅಕ್ಷರಶಃ ನೆನಪಿದೆ.

"ಮೇಸ್ತ್ರಿ, ಊರೊಳಗೆ ಚೆನ್ನಾಗಿದೆ. ಕಾಡಂಚಿನ ಹಳ್ಳಿಗಳಿಗೆ ಹೋಗೋ ದಾರೀಲಿ ಶಿಂಷಾಪುರದ ಇಳಿಜಾರು ಇಳಿಯೋವಾಗ ಮಾತ್ರ ಅರ್ಧಕ್ಕೆ ಬರೋ ಹೊತ್ತಿಗೆ ಲಿವರ್ ಮೆತ್ತಗಾಗುತ್ತೆ. ಒಂಥರಾ ಸುಟ್ಟ ವಾಸನೆ. ಕೆಳಗೆ ಹೋಗಿ ಒಂದು ಗಳಿಗೆ ನಿಲ್ಲಿಸಿದ್ರೆ ಮತ್ತೆ ಸರಿಹೋಗುತ್ತೆ."

ಆ ದಿನ ನಾನು ಚಕ್ರ ಬಿಚ್ಚಬೇಕಿತ್ತು. ಬಿಚ್ಚಲಿಲ್ಲ. ಶೆಡ್ಡಿನ ಮುಂದೆ ಇನ್ನೂ ನಾಲ್ಕು ಗಾಡಿಗಳಿದ್ದವು. "ಹೊಸ ಕೇಬಲ್ಲು, ಎಳೆದಿರುತ್ತೆ ಸಾರ್," ಎಂದು ಹೇಳಿ ನಟ್ಟು ಎರಡು ಸುತ್ತು ಬಿಗಿದು ಕಳಿಸಿದೆ. ಕೆಲಸಕ್ಕೆ ಹಿಡಿದದ್ದು ಎರಡು ನಿಮಿಷ.

ಯುಗಾದಿ ಕಳೆದು ವಾರವಾಗಿತ್ತು. ಮಳವಳ್ಳಿಯಿಂದ ಬಂದ ಬಸ್ಸಿನ ಕಂಡಕ್ಟರು ಶೆಡ್ಡಿಗೇ ಬಂದು ಹೇಳಿದ: "ನಿಮ್ ದನದ ಡಾಕ್ಟ್ರು ಶಿಂಷಾಪುರದ ಇಳಿಜಾರ್ನಾಗೆ ಬಿದ್ದವ್ರೆ. ಬ್ರೇಕ್ ಇಡೀನಿಲ್ವಂತೆ."

ಅದೇ ಬಸ್ಸು ಹಿಂದಕ್ಕೆ ಹೊರಟಾಗ ಹತ್ತಿದೆ. ಪಾನಾ, ಸ್ಕ್ರೂಡ್ರೈವರ್ ಇರುವ ಚೀಲ ತೊಡೆಯ ಮೇಲಿತ್ತು. ಮದ್ದೂರು ದಾಟಿದ್ದು ನನಗೆ ತಿಳಿಯಲೇ ಇಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಎಡಗೈಯನ್ನು ಎದೆಗೆ ಕಟ್ಟಿಸಿಕೊಂಡು ಮಲಗಿದ್ದರು. ಹೆಗಲ ಮೂಳೆ ಮುರಿದಿತ್ತು. ಮುಖದ ಒಂದು ಪಕ್ಕ ತರಚಿ ಕೆಂಪಗಾಗಿತ್ತು. ಇಳಿಜಾರಿನ ಅರ್ಧದಲ್ಲಿ ಮುಂದಿನ ಲಿವರ್ ಹ್ಯಾಂಡಲ್ಲಿಗೇ ಬಂದು ತಾಗಿದೆ, ಹಿಂದಿನ ಬ್ರೇಕು ಹೆಸರಿಗೆ ಮಾತ್ರ. ಕೆಳಗಿನ ತಿರುವಿನಲ್ಲಿ ಒಂದು ಕಡೆ ಕಂದಕ, ಒಂದು ಕಡೆ ಮಣ್ಣಿನ ದಿಬ್ಬ. ಎದುರಿಗೆ ಕಬ್ಬಿನ ಸೋಗೆ ಹೊತ್ತ ಹೆಂಗಸರು ಹತ್ತಿ ಬರುತ್ತಿದ್ದರು. ಡಾಕ್ಟರು ಬೇಕೆಂದೇ ಗಾಡಿಯನ್ನು ದಿಬ್ಬಕ್ಕೆ ನುಗ್ಗಿಸಿದ್ದರು.

ಅವರ ಹೆಂಡತಿ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ನಾನು ಯಾರೆಂದು ಗೊತ್ತಾದ ಮೇಲೆ ನನ್ನ ಕಡೆಗೆ ತಿರುಗಿ ಕೂತರು. ಆಮೇಲೆ ಒಂದೇ ಮಾತು ಕೇಳಿದರು.

"ವಾಸನೆ ಬರುತ್ತೆ ಅಂತ ಇವರು ನಿಮಗೆ ಹೇಳಿದ್ರು ಅಲ್ವಾ?"

"ಹೇಳಿದ್ರಮ್ಮ."

"ಮತ್ತೆ?"

ಡಾಕ್ಟರು, "ಬಿಡೇ, ಅವರೂ ಮನುಷ್ಯರೇ," ಎಂದು ನರಳುತ್ತ ಹೇಳಿದರು. ಅದನ್ನು ಕೇಳಿ ಅವರ ಹೆಂಡತಿಯ ಪ್ರಶ್ನೆಯೇ ವಾಸಿ ಅನ್ನಿಸಿತು.

ಗಾಡಿ ಇಳಿಜಾರಿನ ಬುಡದಲ್ಲಿದ್ದ ಟೀ ಅಂಗಡಿಯ ಪಕ್ಕ ಬಿದ್ದಿತ್ತು. ಅಲ್ಲೇ ಗೋಣಿ ಹಾಸಿ ಕೂತು ಮುಂದಿನ ಚಕ್ರ ಬಿಚ್ಚಿದೆ. ಶೂಗಳನ್ನು ಕೂರಿಸಿದ್ದ ಪ್ಲೇಟನ್ನು ಡ್ರಮ್ಮಿನಿಂದ ಎಳೆದಾಗ ಒಂದು ಲೈನರ್ ಇಡಿಯಾಗಿ, ಒಣಗಿದ ಹಲಸಿನ ತೊಳೆಯ ಹಾಗೆ, ನನ್ನ ಮಡಿಲಿಗೆ ಬಿತ್ತು. ಶೂ ಮೈ ಬೋಳಾಗಿತ್ತು. ಅಲ್ಲಲ್ಲಿ ಕಂದು ಬಣ್ಣದ ಅಂಟಿನ ಪುಡಿ. ಲೈನರ್ ಹೋದ ಶೂ ಡ್ರಮ್ಮನ್ನು ಮುಟ್ಟಲಾರದೆ, ಕ್ಯಾಮು ತಿರುಗಿ ತಿರುಗಿ ಅಡ್ಡಕ್ಕೆ ಬಂದು ಸಿಕ್ಕಿಕೊಂಡಿತ್ತು. ಎರಡನೇ ಶೂವಿನ ಲೈನರನ್ನು ಉಗುರಿನಿಂದ ಎತ್ತಿದೆ. ಅದೂ ಒಂದು ಮೂಲೆಯಲ್ಲಿ ಎದ್ದು ಬಂತು.

ಎರಡು ಸುತ್ತು ನಟ್ಟು ಬಿಗಿಯುವ ಬದಲು ಆ ದಿನ ಬಿಚ್ಚಿ ನೋಡಿದ್ದರೆ ಇದೆಲ್ಲ ಕಣ್ಣಿಗೆ ಬೀಳುತ್ತಿತ್ತು.

ಮಾರನೆಯ ದಿನ ಶೂಗಳನ್ನು ಚೀಲಕ್ಕೆ ಹಾಕಿಕೊಂಡು ಸೋಮನಹಳ್ಳಿಗೆ ಹೋದೆ. ಅಲ್ಲಿ ಹೆದ್ದಾರಿಯ ಪಕ್ಕ ಲೇತ್ ಇಟ್ಟುಕೊಂಡಿದ್ದ ಯಜಮಾನರೊಬ್ಬರಿದ್ದರು. ಅರವತ್ತು ದಾಟಿದ್ದರು. ಕೋಲಾರದ ಗಣಿಯ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು. ಊರಿಗೆ ವಾಪಸು ಬಂದು ಕಬ್ಬಿನ ಗಾಣದ ಉರುಳೆ, ಪಂಪ್‌ಸೆಟ್ಟಿನ ಶಾಫ್ಟು ಕಡೆದು ಕೊಡುತ್ತಿದ್ದರು. ಮಾತು ಕಟು, ಕೈ ಮಾತ್ರ ಅಳತೆ ತಪ್ಪುತ್ತಿರಲಿಲ್ಲ. ಬೋಳು ಶೂವನ್ನು ಬೆಳಕಿಗೆ ಹಿಡಿದು ನೋಡಿದರು.

"ಒಸ ಸೂ ಇನ್ನೊಂದೈತೇನ್ಲಾ?"

ಶೆಡ್ಡಿನಲ್ಲಿ ಉಳಿದಿದ್ದ ಒಂದು ಜೊತೆ ತಂದಿದ್ದೆ. ಯಜಮಾನರು ಅದರಲ್ಲೊಂದನ್ನು ಇದ್ದಿಲ ಒಲೆಯ ಮೇಲಿನ ಕಬ್ಬಿಣದ ತಗಡಿನ ಮೇಲಿಟ್ಟರು. ಅದರ ಪಕ್ಕದಲ್ಲಿ ರಿವೆಟ್ ಹೊಡೆದ ಹಳೆಯ ಶೂ ಒಂದನ್ನೂ ಇಟ್ಟರು. ನೀರು ಚಿಮುಕಿಸಿದರೆ ಚುರ್ ಎನ್ನುವಷ್ಟು ಕಾದ ಮೇಲೆ, "ಇಳಿಜಾರ್ನಾಗೆ ಇಷ್ಟು ಕಾಯ್ತದೆ, ಇದಕ್ಕಿಂತ ಜಾಸ್ತೀನೇ ಕಾಯ್ತದೆ," ಎಂದು ಇಕ್ಕಳದಲ್ಲಿ ಕೆಂಪು ಶೂ ಎತ್ತಿ ಸ್ಕ್ರೂಡ್ರೈವರಿನ ತುದಿಯಿಂದ ಮೀಟಿದರು. ಲೈನರ್ ಹಪ್ಪಳದ ಹಾಗೆ ಕಳಚಿ ಕೆಳಗೆ ಬಿತ್ತು. ಹಳೆಯ ಶೂವನ್ನು ಎಷ್ಟು ಮೀಟಿದರೂ ಅದು ಅಲುಗಲಿಲ್ಲ.

"ಅಂಟ್ಸೋದೇ ತಪ್ಪು ಅಂತಲ್ಲ ಕಣ್ಲಾ. ಅಂಟು ಸರಿಯಾಗಿ ಬೇಯ್ಬೇಕು. ಇವ್ರು ಬೇಯ್ಸಿಲ್ಲ, ಬಿಸಿ ತೋರ್ಸವ್ರೆ ಅಷ್ಟೇಯ," ಎಂದರು. ಆಮೇಲೆ ಬೀಡಿ ಹಚ್ಚಿಕೊಂಡು ನನ್ನನ್ನೇ ನೋಡುತ್ತ ಕೇಳಿದರು:

"ಇದ್ನ ಇನ್ನೆಷ್ಟು ಗಾಡಿಗಾಕಿದ್ದೀಯ?"

"ಐದು."

"ಅವ್ರೆಲ್ಲ ಎಲ್ಲವ್ರೆ?"

ಆ ಪ್ರಶ್ನೆ ಬರುತ್ತದೆಂದು ಬಸ್ಸಿನಲ್ಲಿ ಬರುವಾಗಲೇ ನನಗೆ ಗೊತ್ತಿತ್ತು. ಉತ್ತರ ಹೇಳದೆ ತಪ್ಪಿಸಿಕೊಳ್ಳುವ ದಾರಿಗಳನ್ನೂ ಯೋಚಿಸಿದ್ದೆ. ಅವರದು ಊರೊಳಗೆ ಓಡಾಡುವ ಗಾಡಿ, ಇಳಿಜಾರು ಇಳಿಯುವುದಿಲ್ಲ, ಅಷ್ಟು ಕಾಯುವುದಿಲ್ಲ. ಹೋಗಿ ಹೇಳಿದರೆ ನನ್ನ ಕೆಲಸದ ಮೇಲೆ ನನಗೇ ನಂಬಿಕೆಯಿಲ್ಲ ಎಂದು ಊರೆಲ್ಲ ಹಬ್ಬುತ್ತದೆ. ಶೆಡ್ಡು ತೆರೆದು ಮೂರು ವರ್ಷವೂ ಆಗಿರಲಿಲ್ಲ. ಯಜಮಾನರು ಲೇತಿನ ಕಡೆ ತಿರುಗಿ ತಮ್ಮ ಕೆಲಸ ಶುರು ಮಾಡಿದರು. ನಾನು ಶೂಗಳನ್ನು ಮತ್ತೆ ಚೀಲಕ್ಕೆ ತುಂಬಿದೆ. ಆಮೇಲೆ, "ಮೊದ್ಲು ಐದೂ ಬಿಚ್ಚಿ ಬತ್ತೀನಿ ಯಜಮಾನ್ರೇ. ಡಾಕ್ಟ್ರ ಗಾಡಿ ಆಮೇಲೆ," ಎಂದೆ.

"ಓಗು ಮತ್ತೆ, ಇಲ್ಲಿ ನಿಂತ್ಕಂಡ್ರೆ ಆಯ್ತದಾ?" ಎಂದರು, ತಿರುಗಿ ನೋಡದೆ.

ಮಂಡ್ಯದ ಎರಡು ಗಾಡಿಗಳು ಸುಲಭವಾಗಿ ಸಿಕ್ಕವು. ಒಬ್ಬರು ವಕೀಲರ ಗುಮಾಸ್ತರು, ಇನ್ನೊಬ್ಬರು ಬಟ್ಟೆ ಅಂಗಡಿಯವರು. ಗುಮಾಸ್ತರು ನಗುತ್ತ ಕೀ ಕೊಟ್ಟರು. ಬಟ್ಟೆ ಅಂಗಡಿಯವರು ಇನ್ನು ಮುಂದೆ ಬೇರೆ ಮೇಸ್ತ್ರಿ ನೋಡಿಕೊಳ್ಳುತ್ತೇನೆ ಎಂದರು. ಹಾಗೇ ಮಾಡಿದರು ಕೂಡ. ಮದ್ದೂರಿನ ಬ್ಯಾಂಕಿನ ಗುಮಾಸ್ತರ ಗಾಡಿಯನ್ನು ಬ್ಯಾಂಕಿನ ಹಿಂದೆ, ಬೇವಿನ ಮರದ ನೆರಳಲ್ಲಿ ಬಿಚ್ಚಿದೆ. ಅದರ ಲೈನರ್ ಗಟ್ಟಿಯಾಗಿಯೇ ಇತ್ತು. ಆದರೂ ತೆಗೆದು ಹಳೆಯ ರಿವೆಟ್ ಶೂ ಹಾಕಿದೆ. ಶಿವಪುರದ ಸ್ಕೂಲ್ ಮೇಷ್ಟರು ಪಾಠ ನಿಲ್ಲಿಸಿ ಹೊರಗೆ ಬಂದು, ವಿಷಯವೆಲ್ಲ ಕೇಳಿ, ಕೆಲಸ ಮುಗಿಯುವವರೆಗೂ ನನ್ನ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತಿದ್ದರು.

ಐದನೆಯದು ಯಲಿಯೂರಿನ ಗೌಡರದು. ಭತ್ತದ ಗದ್ದೆ, ಕಬ್ಬು, ದೊಡ್ಡ ಹಜಾರದ ಮನೆ. ನಾನು ಹೋದಾಗ ಗೌಡರು ಬಿಳಿ ಪಂಚೆ ಉಟ್ಟು ಗಾಡಿಯನ್ನು ಅಂಗಳಕ್ಕೆ ಇಳಿಸಿದ್ದರು. ಹೆಂಡತಿ ಕಂಕುಳಲ್ಲಿ ಕೂಸು ಎತ್ತಿಕೊಂಡು ಹಿಂದೆ ಕೂರಲು ಸಿದ್ಧವಾಗಿ ನಿಂತಿದ್ದರು. ಶ್ರೀರಂಗಪಟ್ಟಣದಲ್ಲಿ ನೆಂಟರ ಮನೆಯ ನಾಮಕರಣ.

"ಅಣ್ಣ, ಅರ್ಧ ಗಂಟೆ ಕೊಡಿ. ಬ್ರೇಕ್ ಶೂ ತೆಗೀಬೇಕು," ಎಂದೆ.

"ಯಾಕೆ? ಚೆಂದಾಗೇ ಇಡೀತಾ ಅದಲ್ಲ."

"ನಾನು ಹಾಕಿದ್ದು ಕೆಟ್ಟ ಮಾಲು. ಮಳವಳ್ಳೀಲಿ ಒಬ್ರು ಬಿದ್ದು ಮೂಳೆ ಮುರ್ಕೊಂಡವ್ರೆ."

ಗೌಡರ ಮುಖ ಬಿಗಿಯಿತು. "ನಿಂಗೇನು ತಲೆ ಕೆಟ್ಟೈತೇನಯ್ಯ? ನೀನೇ ಆಕ್ತೀಯ, ನೀನೇ ಕೆಟ್ಟದು ಅಂತೀಯ? ಒಂಟಿರೋ ಒತ್ನಾಗೆ ಬಂದು ಅಪಶಕುನ ನುಡೀತೀಯಲ್ಲ. ನಾಳೀಕ್ ಬಾ, ಓಗು."

ಕಿಕ್ಕರ್ ಮೇಲೆ ಕಾಲಿಟ್ಟರು. ನಾನು ಏನು ಮಾಡುತ್ತಿದ್ದೇನೆಂದು ಯೋಚಿಸಲಿಲ್ಲ. ಮುಂದೆ ಹೋಗಿ ಚಕ್ರಕ್ಕೆ ಅಡ್ಡಲಾಗಿ ಮೊಣಕಾಲೂರಿ ಕೂತು, ಎರಡೂ ಕೈಯಲ್ಲಿ ಟೈರು ಹಿಡಿದುಕೊಂಡೆ.

"ಏಯ್, ಎದ್ದೇಳಯ್ಯ!"

"ಒಡುದ್ರೂ ಸರಿ ಅಣ್ಣ. ಬಿಚ್ಚಿ ತೋರುಸ್ದೆ ಬುಡಾಕಿಲ್ಲ."

ಆಳುಗಳು ಬಂದು ನೋಡುತ್ತ ನಿಂತರು. ಗೌಡರು ಕೈಯೆತ್ತಿದ್ದರೋ ಏನೋ, ತಲೆ ತಗ್ಗಿಸಿದ್ದ ನನಗೆ ಕಾಣಲಿಲ್ಲ. ಕೇಳಿಸಿದ್ದು ಅವರ ಹೆಂಡತಿಯ ದನಿ.

"ಒಸಿ ಇಳೀರಿ. ಅವ್ನು ಇಷ್ಟು ಏಳ್ತಾವ್ನಲ್ಲ, ನೋಡೇಬುಡಾನ. ನಾಮಕರಣ ಎಲ್ಲೂ ಓಡೋಗಕಿಲ್ಲ."

ಚಕ್ರ ಬಿಚ್ಚಿದೆ. ಶೂ ಹೊರಗೆ ತೆಗೆದು, ನಾನು ಮುಟ್ಟದೆ ಗೌಡರ ಕೈಗೇ ಕೊಟ್ಟೆ. "ಹೆಬ್ಬೆಟ್ನಾಗೆ ಒಸಿ ತಳ್ಳಿ ನೋಡಿ," ಎಂದೆ. ತಳ್ಳಿದರು. ಲೈನರಿನ ಅರ್ಧ ಭಾಗ ಶೂ ಬಿಟ್ಟು ಎದ್ದಿತು, ಇನ್ನರ್ಧ ಮುರಿದು ಅವರ ಬಿಳಿ ಪಂಚೆಯ ಮೇಲೆ ಬಿತ್ತು. ಗೌಡರು ಅದನ್ನು ನೋಡಿದರು, ಹೆಂಡತಿಯ ಕಂಕುಳಿನ ಕೂಸನ್ನು ನೋಡಿದರು. ನಾನು ಬೇರೆ ಶೂ ಹಾಕಿ ಚಕ್ರ ಬಿಗಿಯುವಾಗ ಅವರೇ ಪಾನಾ ಎತ್ತಿಕೊಟ್ಟರು.

ಬಿಚ್ಚಿ ತಂದ ಶೂಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬೆಂಗಳೂರಿಗೆ ಹೋದೆ. ಅಂಗಡಿಯವನು ನಾನು ಕೇಳುವುದಕ್ಕೆ ಮೊದಲೇ ಹೇಳಿದ: "ನಿಮ್ ಡ್ರಮ್ಮೇ ಸರಿಯಿರಲ್ಲ. ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ." ಗಲ್ಲಾಪೆಟ್ಟಿಗೆಯ ಮೇಲೆ ಚೀಲ ಸುರಿದೆ. ಅವತ್ತು ಅಲ್ಲಿ ತುಮಕೂರಿನ ಕಡೆಯ ಮೇಸ್ತ್ರಿಯೊಬ್ಬ ಅದೇ ಕೆಂಪು ಶೂ ಕೊಳ್ಳುತ್ತ ನಿಂತಿದ್ದ. ಅವನ ಮುಂದೆ ಒಂದೊಂದಾಗಿ ಲೈನರ್ ಎಬ್ಬಿಸಿ ತೋರಿಸಿದೆ. ಅವನು ಕೈಯಲ್ಲಿದ್ದುದನ್ನು ವಾಪಸು ಇಟ್ಟು ಹೋದ. ಅಂಗಡಿಯವನು ನನ್ನನ್ನು ಹೊರಗೆ ಕಳಿಸಿದ. ಕಾರ್ಖಾನೆಯವರು ಆಮೇಲೆ ಏನು ಮಾಡಿದರೋ ನನಗೆ ತಿಳಿಯದು. ನನ್ನ ಕೈಲಿ ಆದದ್ದು ಅಷ್ಟು.

ಇನ್ನು ಉಳಿದದ್ದು ಡಾಕ್ಟರ ಗಾಡಿ. ಮೇ ತಿಂಗಳು ಹತ್ತಿರ ಬಂದಿತ್ತು. ಮುಂಗಾರು ಹಿಡಿಯುವ ಮುಂಚೆ ದನಗಳಿಗೆ ಗಂಟಲುಬೇನೆಯ ಲಸಿಕೆ ಹಾಕಿ ಮುಗಿಸಬೇಕು; ಮಳೆ ಬಿದ್ದ ಮೇಲೆ ಬೇನೆ ಬಂದರೆ ಒಂದೇ ದಿನದಲ್ಲಿ ಕೊಟ್ಟಿಗೆ ಖಾಲಿಯಾಗುತ್ತದೆ. ನೋಡಲು ಹೋದಾಗಲೆಲ್ಲ ಡಾಕ್ಟರು ಅದನ್ನೇ ಮಾತಾಡುತ್ತಿದ್ದರು, ತಮ್ಮ ಮೂಳೆಯ ಮಾತಲ್ಲ.

ಯಜಮಾನರು ಮತ್ತು ನಾನು ಸೋಮನಹಳ್ಳಿಯಲ್ಲಿ ಕೆಲಸ ಹಿಡಿದೆವು. ಲಾರಿ ಬ್ರೇಕಿಗೆ ಬಳಸುವ ದಪ್ಪ ಲೈನರ್ ತಂದು, ಶೂ ಅಗಲಕ್ಕೆ ಕೊಯ್ದು, ಬೋಳು ಶೂ ಮೇಲೆ ತೂತು ಕೊರೆದೆವು. ಅಲ್ಯುಮಿನಿಯಂ ತೆಳುವಾಗಿತ್ತು. ಒಂದು ಶೂ ಸೀಳಿದರೂ ಅದಕ್ಕೆ ಬದಲಿ ಈ ದೇಶದಲ್ಲೇ ಇಲ್ಲ. ಪ್ರತಿ ತೂತಿಗೂ ಯಜಮಾನರು ಉಸಿರು ಹಿಡಿದು ಡ್ರಿಲ್ಲು ಇಳಿಸುತ್ತಿದ್ದರು. ತಾಮ್ರದ ರಿವೆಟ್ಟಿನ ತಲೆ ಲೈನರಿನ ಅರ್ಧ ದಪ್ಪಕ್ಕಿಂತ ಕೆಳಗೆ ಕೂರಬೇಕು, ಇಲ್ಲದಿದ್ದರೆ ಸವೆದ ಮೇಲೆ ಡ್ರಮ್ಮನ್ನು ಗೀರುತ್ತದೆ. ಅದನ್ನೂ ಅಳೆದು ಅಳೆದು ಮಾಡಿದೆವು.

ಮೊದಲ ಶೂವಿನ ರಿವೆಟ್ ನಾನು ಬಡಿದೆ. ಎರಡು ತುದಿಗಳಿಂದ ಶುರು ಮಾಡಿ ನಡುವಿಗೆ ಬಂದೆ. ಮುಗಿಸಿ ನೋಡಿದರೆ ಲೈನರ್ ನಡುವೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಕಾಗದದ ಚೂರು ಅದರಡಿಯಲ್ಲಿ ಸಲೀಸಾಗಿ ನುಸುಳಿತು.

"ಚಾಪೆ ಆಸೋವಾಗ ಎರಡು ಕಡೆಯಿಂದ ತಳ್ಳುದ್ರೆ ನಡುವೆ ಏಳಾಕಿಲ್ವೇನ್ಲಾ? ಬಡುದ್ನೆಲ್ಲ ಕೀಳು," ಎಂದರು ಯಜಮಾನರು.

ಎಲ್ಲವನ್ನೂ ಕಿತ್ತೆ. ಹೊಸ ಲೈನರ್, ಹೊಸ ರಿವೆಟ್ಟು. ಈ ಸಲ ನಡುವಿನಿಂದ ಶುರು ಮಾಡಿ ಆಚೀಚೆ ಹೋದೆವು. ಮೈಗೆ ಮೈ ಅಂಟಿ ಕೂತಿತು. ಆಮೇಲೆ ಶೂಗಳನ್ನು ಪ್ಲೇಟಿಗೆ ಜೋಡಿಸಿ ಲೇತಿನಲ್ಲಿ ತಿರುಗಿಸಿ, ಡ್ರಮ್ಮಿನ ಅಳತೆಗೆ ಲೈನರನ್ನು ತೆಳುವಾಗಿ ಕಡೆದರು. ಡ್ರಮ್ಮಿನೊಳಗೆ ಸೀಮೆಸುಣ್ಣ ಬಳಿದು, ಶೂ ಕೂರಿಸಿ, ಒತ್ತಿ ತಿರುಗಿಸಿ ತೆಗೆದರೆ ಲೈನರಿನ ನಡುಭಾಗ ಮಾತ್ರ ಬಿಳಿಯಾಗಿತ್ತು. ಅಲ್ಲಿ ಉಜ್ಜಿದೆವು, ಮತ್ತೆ ಸುಣ್ಣ, ಮತ್ತೆ ಉಜ್ಜುವುದು. ತುದಿಯಿಂದ ತುದಿಗೆ ಬಿಳಿ ಹತ್ತುವ ಹೊತ್ತಿಗೆ ನಾಲ್ಕು ಶೂಗಳಿಗೆ ನಾಲ್ಕು ದಿನ ಹಿಡಿದಿತ್ತು. ಕೊನೆಗೆ ಎರಡು ಕ್ಯಾಮುಗಳ ನಡುವಿನ ಕಂಬಿ. ಎರಡು ಶೂಗಳೂ ಒಂದೇ ಗಳಿಗೆಗೆ ಡ್ರಮ್ಮನ್ನು ಮುಟ್ಟಬೇಕು. ಒಂದು ಮೊದಲು ಮುಟ್ಟಿದರೆ ಅದೇ ಎಲ್ಲ ಭಾರ ಹೊತ್ತು ಸುಡುತ್ತದೆ. ಕಿವಿಯನ್ನು ಚಕ್ರದ ಹತ್ತಿರ ಇಟ್ಟು, ಉಜ್ಜುವ ಸದ್ದು ಎರಡು ಕಡೆಯೂ ಒಂದೇ ಆಗುವವರೆಗೆ ಕಂಬಿಯನ್ನು ತಿರುಪಿದೆ.

ಪರೀಕ್ಷೆಗೆ ಶಿಂಷಾಪುರದ ಇಳಿಜಾರನ್ನೇ ಆರಿಸಿಕೊಂಡೆ. ಬೇರೆ ಎಲ್ಲಿ ನಿಲ್ಲಿಸಿದರೂ ಲೆಕ್ಕಕ್ಕಿಲ್ಲ. ಹಿಂದಿನ ಸೀಟಿಗೆ ಒಬ್ಬ ಮನುಷ್ಯನ ತೂಕದಷ್ಟು ಮರಳಿನ ಮೂಟೆ ಕಟ್ಟಿದೆ. ಹೇಗೋ ವಿಷಯ ತಿಳಿದು ಡಾಕ್ಟರು, ಕೈ ಎದೆಗೆ ಕಟ್ಟಿಕೊಂಡೇ, ಬಸ್ಸಿನಲ್ಲಿ ಬಂದು ಬುಡದ ಟೀ ಅಂಗಡಿಯ ಮುಂದೆ ಕೂತರು.

ಮೊದಲ ಸಲ ಇಳಿಯತೊಡಗಿದೆ. ಕೆಳಗಿನ ತಿರುವಿಗೆ ಮುಂಚೆ ಬ್ರೇಕು ಒತ್ತಿದೆ. ಹಿಡಿಯಿತು. ಕೆಳಗೆ ಬಂದು ಲಿವರಿಗೂ ಹ್ಯಾಂಡಲ್ಲಿಗೂ ನಡುವೆ ಎಷ್ಟು ಬೆರಳು ಜಾಗವಿದೆ ಎಂದು ನೋಡಿದೆ: ಮೂರು. ಡ್ರಮ್ಮಿನ ಮೇಲೆ ನೀರು ಹಾಕಿದೆ: ಚುರ್. ತಣಿಯಲು ಬಿಡದೆ ಮತ್ತೆ ಹತ್ತಿದೆ. ಎರಡು, ಮೂರು, ನಾಲ್ಕು. ನಾಲ್ಕನೆಯ ಸಲ ಲಿವರ್ ಎರಡು ಬೆರಳಿಗೆ ಇಳಿಯಿತು. ಅಲ್ಲೇ ಚಕ್ರ ಬಿಚ್ಚಿದೆ, ಕೈ ಸುಟ್ಟರೂ ಬಿಡಲಿಲ್ಲ. ಲೈನರ್ ಒಂದು ಕೂದಲಷ್ಟೂ ಅಲುಗಿರಲಿಲ್ಲ. ಹೊಸದಾದ್ದರಿಂದ ಮೇಲಿನ ಪದರ ಸವೆದು ಹದಕ್ಕೆ ಬರುತ್ತಿತ್ತು, ಅಷ್ಟೇ. ನಟ್ಟು ಬಿಗಿದೆ. ಈ ಸಲ ಬಿಚ್ಚಿ ನೋಡಿದ ಮೇಲೆ ಬಿಗಿದೆ. ಆಮೇಲೆ ಆರು ಸಲ ಇಳಿದರೂ ಎರಡೂವರೆ ಬೆರಳು ಹಾಗೇ ನಿಂತಿತು.

ಹತ್ತನೆಯ ಸಲ ಕೆಳಗೆ ಬಂದಾಗ ಡಾಕ್ಟರು ಎದ್ದು ಬಂದರು.

"ಮೇಸ್ತ್ರಿ, ನನಗೆ ಇನ್ನೂ ಒಂದು ತಿಂಗಳು ಹ್ಯಾಂಡಲ್ ಹಿಡಿಯೋಕಾಗಲ್ಲ. ಮಳೆ ಕಾಯಲ್ಲ. ಆ ಮರಳಿನ ಮೂಟೆ ಇಳಿಸಿ ನನ್ನ ಕೂರಿಸ್ಕೊಂಡು ಹೋಗ್ತೀರಾ?"

ಶೆಡ್ಡಿಗೆ ಬೀಗ ಹಾಕಿದೆ. ನಾಲ್ಕು ವಾರ, ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಮಳವಳ್ಳಿಗೆ ಹೋಗಿ, ಫ್ಲಾಸ್ಕಿಗೆ ಮಂಜು ತುಂಬಿ, ಡಾಕ್ಟರನ್ನು ಹಿಂದೆ ಕೂರಿಸಿಕೊಂಡು ಹಳ್ಳಿ ಹಳ್ಳಿ ತಿರುಗಿದೆ. ಅವರು ಬಲಗೈಯಲ್ಲಿ ಸೂಜಿ ಹಾಕುತ್ತಿದ್ದರು, ನಾನು ದನ ಹಿಡಿಯುತ್ತಿದ್ದೆ. ಹೊಲದ ಕಾಲುವೆ ದಾಟಿದಾಗ ಡ್ರಮ್ಮಿಗೆ ನೀರು ನುಗ್ಗಿ ಬ್ರೇಕು ಜಾರುತ್ತಿತ್ತು. ಆಗ ಸ್ವಲ್ಪ ದೂರ ಲಿವರನ್ನು ಮೆಲ್ಲಗೆ ಒತ್ತಿಕೊಂಡೇ ಓಡಿಸಿ ಲೈನರ್ ಒಣಗಿಸಿಕೊಳ್ಳಬೇಕು. ಅದನ್ನೂ ಕಲಿತೆ, ಡಾಕ್ಟರಿಗೂ ಹೇಳಿಕೊಟ್ಟೆ. ವಾರಕ್ಕೊಂದು ಸಲ ಚಕ್ರ ಬಿಚ್ಚಿ ನೋಡುತ್ತಿದ್ದೆ. ಯಾರೂ ಹೇಳದಿದ್ದರೂ, ಏನೂ ವಾಸನೆ ಬರದಿದ್ದರೂ.

ಜೂನ್ ಮೊದಲ ವಾರ ಅವರ ಕೈಯ ಕಟ್ಟು ಬಿಚ್ಚಿದರು. ಉಳಿದಿದ್ದದ್ದು ಇಳಿಜಾರಿನ ಕೆಳಗಿನ ಒಂದೇ ಹಳ್ಳಿ. ಮೋಡ ಕಟ್ಟಿತ್ತು. ಇಳಿಜಾರಿನ ತಲೆಯಲ್ಲಿ ಡಾಕ್ಟರು ಗಾಡಿ ನಿಲ್ಲಿಸಲು ಹೇಳಿ, "ಇಲ್ಲಿಂದ ನಾನು ಓಡಿಸ್ತೀನಿ," ಎಂದರು. ಹ್ಯಾಂಡಲ್ ಹಿಡಿದು ಕೂತರು. ನಾನು ಹಿಂದೆ ಕೂರಲು ಕಾಲೆತ್ತಿದೆ.

"ನೀವು ಇಳಿದು ನಡೆದು ಬನ್ನಿ ಮೇಸ್ತ್ರಿ. ನನ್ನ ಕೈಗೆ ಇನ್ನೂ ಪೂರ್ತಿ ಶಕ್ತಿ ಬಂದಿಲ್ಲ. ನಿಮಗೂ ಹೆಂಡತಿ ಮಕ್ಕಳಿದ್ದಾರೆ."

"ಕೂತ್ಕೋತೀನಿ ಸಾರ್," ಎಂದೆ. ಕೂತೆ.

ಇಳಿಯತೊಡಗಿದೆವು. ಮುಂದೆ ಕೂತು ಹತ್ತಾರು ಸಲ ಇಳಿದಿದ್ದ ದಾರಿ. ಹಿಂದೆ ಕೂತರೆ ಬೇರೆಯೇ ದಾರಿ. ಲಿವರ್ ನನ್ನ ಕೈಯಲ್ಲಿರಲಿಲ್ಲ. ಕೈಗೆ ಹಿಡಿಯಲು ಫ್ಲಾಸ್ಕು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಕೆಳಗಿನ ತಿರುವು ಬಂತು. ಡಾಕ್ಟರ ಬೆನ್ನು ಒಂದು ಸಲ ಬಿಗಿಯಾದದ್ದು ನನ್ನ ಎದೆಗೆ ತಿಳಿಯಿತು. ಬ್ರೇಕು ಹಿಡಿಯಿತು, ಗಾಡಿ ಮೂಗು ತಗ್ಗಿಸಿ ನಿಧಾನವಾಯಿತು, ತಿರುವು ದಾಟಿತು.

ಹಳ್ಳಿಯ ಬೇಲಿಯ ಉದ್ದಕ್ಕೂ ದನಗಳನ್ನು ಸಾಲಾಗಿ ಕಟ್ಟಿ ಜನ ಕಾಯುತ್ತಿದ್ದರು. ಮೊದಲ ಹನಿಗಳು ಬೀಳುತ್ತಿದ್ದವು. ಡಾಕ್ಟರು ಗಾಡಿಗೆ ಸ್ಟ್ಯಾಂಡ್ ಹಾಕಿ ಸಿರಿಂಜು ತೆಗೆದರು. ನಾನು ಹೋಗಿ ಮೊದಲನೆಯ ಎತ್ತಿನ ಮೂಗುದಾರ ಹಿಡಿದೆ.